ಎರಡನೇ ಎಕ್ಸ್‌ರೇ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಕುಳಿತಿದ್ದರು. ಸೊಸೆ ಬಸುರಿ, ಹೊಟ್ಟೆ ಆಗಷ್ಟೇ ಕಾಣತೊಡಗಿತ್ತು. ಬಲಗೆನ್ನೆ ಊದಿಕೊಂಡಿತ್ತು.

“ಮತ್ತೆ ಎಕ್ಸ್‌ರೇನಾ? ಬೇಡ ಕಣೇ, ಹೊಟ್ಟೇಲಿ ಮಗು ಇದೆ.”

“ಮೊನ್ನೆ ತೆಗೆದದ್ದು ಮಸುಕಾಗಿದೆಯಂತೆ. ಬೇರಿನ ತುದೀನೇ ಕಾಣ್ತಿಲ್ಲ.”

“ಯಾಕೆ ಮಸುಕಾಯ್ತು?”

“ಎಕ್ಸ್‌ರೇ ತೆಗೆಯೋಳ ಕೈ ಹಿಡ್ಕೊಂಡು, ‘ಕಿರಣ ಕಮ್ಮಿ ಬಿಡಮ್ಮಾ, ಇನ್ನೂ ಕಮ್ಮಿ ಬಿಡಮ್ಮಾ’ ಅಂತ ನೀವು ಗೋಳು ಹೊಯ್ಕೊಂಡ್ರಲ್ಲ, ಅದಕ್ಕೆ. ಪಾಪ, ಅವಳು ಕಮ್ಮೀನೇ ಬಿಟ್ಟಳು.”

“ನಾನು ಒಳ್ಳೇದಕ್ಕೇ ಹೇಳಿದ್ದು.”

“ಒಂದು ಸಲ ಸರಿಯಾಗಿ ಬಿಟ್ಟಿದ್ರೆ ಮುಗೀತಿತ್ತು. ಈಗ ಎರಡು ಸಲ. ಕಮ್ಮಿ ಎಲ್ಲಾಯ್ತು, ಅತ್ತೆ?”

“ಹೆರಿಗೆ ತನಕ ತಡ್ಕೋ. ನಾವೆಲ್ಲ ತಡ್ಕೊಳ್ಳಲಿಲ್ವಾ?”

“ತಡ್ಕೊಂಡು ಎಷ್ಟು ಹಲ್ಲು ಉಳಿಸ್ಕೊಂಡ್ರಿ?”

ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡರು. ನಗುವೋ ಸಿಟ್ಟೋ ತಿಳಿಯಲಿಲ್ಲ.

“ಕೀವು ಹಾಗೇ ಬಿಟ್ರೆ ಮಗೂಗೂ ಒಳ್ಳೇದಲ್ಲ ಅಂದ್ರು ಡಾಕ್ಟರು. ಬೇರು ಕಾಣೋವಷ್ಟೇ ಬಿಡ್ತಾರೆ, ಅದರ ಮೇಲೆ ಒಂದು ಚೂರೂ ಇಲ್ಲ.”

“ನನ್ನ ಮಗನ್ನ ಒಂದು ಮಾತು ಕೇಳೋಣ.”

“ಅವರಿಗೆ ಹಲ್ಲುನೋವು ಬಂದಾಗ ಕೇಳಿ.”

ಒಳಗಿಂದ ಕರೆ ಬಂತು. ಇಬ್ಬರೂ ಎದ್ದರು.

“ನೀವು ಕೂತ್ಕೊಳ್ಳಿ ಅತ್ತೆ. ಎಷ್ಟು ಬೇಕು ಅಂತ ಡಾಕ್ಟರು ಹೇಳ್ತಾರೆ. ಹೂಂ ಅನ್ನೋಳು ನಾನು.”

ಮತ್ತೆ ಕುಳಿತ ಅತ್ತೆಯ ಮಡಿಲಲ್ಲಿ ತನ್ನ ಕೈಚೀಲವಿಟ್ಟು, ಊದಿದ ಮುಖವನ್ನು ಮೇಲೆತ್ತಿಕೊಂಡೇ ಅವಳು ಒಳಗೆ ಹೋದಳು. ಬಾಗಿಲನ್ನು ತಾನೇ ಹಾಕಿಕೊಂಡಳು.