ಅಮರಮ್ಮನ ಪೈ ಅಚ್ಚಿನ ವಿಷಯದಲ್ಲಿ ನನ್ನ ಎರಡನೆಯ ಹೇಳಿಕೆ

ಗೆ,
ಠಾಣಾಧಿಕಾರಿಗಳು,
ಪೊಲೀಸ್ ಠಾಣೆ, ಮಸ್ಕಿ.

ನಾನು ಸ್ವರ್ಣಲೀಲಾ, ಗಂಡ ದೇವಕುಮಾರ, ವಯಸ್ಸು 46 ವರ್ಷ, ಉದ್ಯೋಗ ಖಾಸಗಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ, ಧರ್ಮ ಕ್ರೈಸ್ತ, ವಾಸ ಪಿಡಬ್ಲ್ಯುಡಿ ಕ್ಯಾಂಪ್, ಸಿಂಧನೂರು, ನನ್ನ ಸ್ವಂತ ಕೈಬರಹದಲ್ಲಿ ತಿಳಿಯಪಡಿಸುವುದೇನೆಂದರೆ:

ದಿನಾಂಕ 27-12-2024ರಂದು ತಮ್ಮ ಠಾಣೆಯಲ್ಲಿ ನಾನು ಒಂದು ಹೇಳಿಕೆ ಕೊಟ್ಟಿದ್ದೆ. ನನ್ನ ಸೋದರತ್ತೆಯ ಮಗಳು ರೇಣುಕಮ್ಮಳ ಮನೆಯಿಂದ ಕಟ್ಟಿಗೆಯ ಅಚ್ಚು ಕಾಣೆಯಾದ ದಿನ, ಮಾಂಸ ತಂದುಕೊಡುವ ಗೋಪಣ್ಣ ಎಂಬವರು ಅದನ್ನು ಇಡುವ ಗೂಡಿನ ಮುಂದೆ ನಿಂತದ್ದನ್ನು ಕಂಡೆ ಎಂದು ಹೇಳಿದ್ದೆ. ಕಂಡದ್ದು ನಿಜ. ಆದರೆ ಆ ಹೊತ್ತಿಗಾಗಲೇ ಅಚ್ಚು ನನ್ನ ಚೀಲದಲ್ಲಿತ್ತು ಎಂಬುದನ್ನು ಹೇಳಲಿಲ್ಲ. ಈ ಕಾಗದದ ಮೊದಲೆರಡು ಕರಡುಗಳಲ್ಲೂ ‘ಅಚ್ಚು ಅಕಸ್ಮಾತ್ತಾಗಿ ನನ್ನ ಚೀಲದಲ್ಲಿ ಬಂದಿತ್ತು’ ಎಂದು ಬರೆದಿದ್ದೆ. ಅದು ಅಕಸ್ಮಾತ್ತಾಗಿ ಬಂದಿರಲಿಲ್ಲ. ನಾನು ತೆಗೆದುಕೊಂಡೆ.

ನಮ್ಮಿಬ್ಬರ ಅಜ್ಜಿ ದಿವಂಗತ ಅಮರಮ್ಮ, ಲಿಂಗಸುಗೂರಿನ ಕಡೆಯ ಚಿನ್ನದ ಗಣಿಯಲ್ಲಿ ಇಂಗ್ಲಿಷ್ ಇಂಜಿನಿಯರೊಬ್ಬರ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಆ ಕುಟುಂಬ ತಮ್ಮ ದೇಶಕ್ಕೆ ಮರಳುವಾಗ ದೊರೆಸಾನಿ ಅಜ್ಜಿಗೆ ಎರಡು ವಸ್ತು ಕೊಟ್ಟು ಹೋದರು. ಒಂದು, ಹಂದಿ ಮಾಂಸದ ಪೈ ಮಾಡುವ ವಿಧಾನವನ್ನು ಇಂಗ್ಲಿಷಿನಲ್ಲಿ ಬರೆದ ಎರಡು ಹಾಳೆ. ಇನ್ನೊಂದು, ಐದೂವರೆ ಇಂಚು ಎತ್ತರದ, ಮೇಲೆ ಹಿಡಿಕೆಯುಳ್ಳ ದುಂಡನೆಯ ಕಟ್ಟಿಗೆಯ ಅಚ್ಚು.

ಈ ಪೈ ಬೇಕರಿಯ ಪಫ್ಸ್‌ನಂತಲ್ಲ. ಕುದಿಯುವ ನೀರು ಮತ್ತು ಹಂದಿಯ ಕೊಬ್ಬು ಹಾಕಿ ಹಿಟ್ಟು ನಾದಿ, ಬಿಸಿ ಇರುವಾಗಲೇ ಅಚ್ಚಿನ ಸುತ್ತ ಕೈಯಿಂದ ಗೋಡೆ ಎಬ್ಬಿಸಬೇಕು. ಆರಿದ ಮೇಲೆ ಅಚ್ಚನ್ನು ಎಳೆದು ತೆಗೆದು, ಕೊಚ್ಚಿದ ಮಾಂಸ, ಉಪ್ಪು, ಕರಿಮೆಣಸು ತುಂಬಿ, ಮುಚ್ಚಳ ಹಾಕಿ, ನಡುವೆ ಒಂದು ತೂತು ಬಿಡಬೇಕು. ಬೆಂದು ತಣಿದ ನಂತರ ಆ ತೂತಿನಿಂದ ಹಂದಿಯ ಕಾಲು ಬೇಯಿಸಿದ ಸೂಪು ಸುರಿದರೆ ಅದು ಒಳಗೆ ಹೆಪ್ಪುಗಟ್ಟುತ್ತದೆ. ಮರುದಿನ ತಣ್ಣಗೇ ಕೊಯ್ದು ತಿನ್ನಬೇಕು. ಒಲೆಯೊಳಗೆ ಯಾವ ಪಾತ್ರೆಯ ಆಸರೆಯೂ ಇಲ್ಲದೆ ಪೈ ತಾನೇ ನಿಲ್ಲಬೇಕು. ಕಷ್ಟವಿರುವುದು ಅಲ್ಲಿಯೇ.

2003ರಲ್ಲಿ, ತೀರಿಹೋಗುವ ಒಂಬತ್ತು ದಿನ ಮೊದಲು, ಅಜ್ಜಿ ನಮ್ಮಿಬ್ಬರನ್ನೂ ಕರೆದು, “ಲೀಲಾ, ನೀ ಇಂಗ್ಲಿಷ್ ಓದ್ತಿ, ಕಾಗದ ನೀ ಇಟ್ಗೊ. ರೇಣುಕಾ, ಅಚ್ಚು ನಿನಗ” ಎಂದರು. ರೇಣುಕಮ್ಮ ಏಳನೆಯ ತರಗತಿಯವರೆಗೆ ಮಾತ್ರ ಓದಿದವಳು. ನಾನು ಹಾಸ್ಟೆಲಿನಲ್ಲಿದ್ದ ವರ್ಷಗಳಲ್ಲಿ ಅವಳು ಲಿಂಗಸುಗೂರಿನ ಮನೆಯಲ್ಲಿ ಅಜ್ಜಿಯ ಜೊತೆ ಹಿಟ್ಟು ನಾದುತ್ತಿದ್ದಳು. ಅಂದು ನನಗೆ ನ್ಯಾಯವಾಗಿಯೇ ಕಂಡಿತ್ತು.

ಹಾಳೆಗಳನ್ನು ನೋಡಿಕೊಂಡು ನಾನು ಈ ಇಪ್ಪತ್ತೊಂದು ವರ್ಷಗಳಲ್ಲಿ ಪೈ ಮಾಡಲು ಹತ್ತೊಂಬತ್ತು ಬಾರಿ ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ ಗೋಡೆ ಕುಸಿದಿದೆ. ನನ್ನ ಯಜಮಾನರು ಒಮ್ಮೆ ತಟ್ಟೆ ನೋಡಿ, “ಹೋಳಿಗಿ ಅಂತ ತಿಳಕೊಂಡು ತಿಂದ್ರ ಚೊಲೋನ ಐತಿ” ಎಂದು ಹೇಳಿ, ಮೂರು ತುಂಡು ತಿಂದರು. ನಾನು ಅವರೊಂದಿಗೆ ಎರಡು ದಿನ ಮಾತಾಡಲಿಲ್ಲ. ರೇಣುಕಮ್ಮಳ ಪೈಗಳು ಪ್ರತಿ ಕ್ರಿಸ್‌ಮಸ್‌ಗೂ ನಮ್ಮ ಚರ್ಚಿನ ಮೇಜಿನ ಮೇಲೆ ನೆಟ್ಟಗೆ ನಿಲ್ಲುತ್ತಿದ್ದವು.

2019ರ ಜೂನಿನಲ್ಲಿ ಚರ್ಚಿನ ಕಡೆಯಿಂದ ನಾನು ಹನ್ನೆರಡು ದಿನ ಇಂಗ್ಲೆಂಡಿಗೆ ಹೋಗಿ ಬಂದೆ. ಅಲ್ಲಿನ ಒಂದು ಸಣ್ಣ ಪಟ್ಟಣದ ಸಂತೆಯಲ್ಲಿ, ನಾಲ್ಕು ಅಂಗಡಿ ವಿಚಾರಿಸಿ, ತಮ್ಮ ಅಜ್ಜನ ಕಾಲದಿಂದಲೂ ಮಾಡುವವರದೆಂದು ಅಲ್ಲಿಯವರು ಹೇಳಿದ ಅಂಗಡಿಯ ಮುಂದೆ ನಿಂತು ಒಂದು ಪೈ ತಿಂದೆ. ಮರಳಿ ಬಂದ ವಾರ ರೇಣುಕಮ್ಮ ಅದು ಹೇಗಿತ್ತು ಎಂದು ಕೇಳಿದಳು. ಅಲ್ಲಿಯದು ಬೇರೆಯೇ ಎಂದು ಹೇಳಿದೆ. ಅಂದಿನಿಂದ ಅವಳು ಪ್ರತಿ ಸಲ ಪೈ ಕೊಯ್ಯುವಾಗ ಮೊದಲ ತುಂಡು ನನಗೆ ಕೊಟ್ಟು, “ಈ ಸಲರ ಇಂಗ್ಲೆಂಡಿನಂಗ ಆಗೇತೇನು, ಲೀಲಕ್ಕಾ?” ಎಂದು ಕೇಳುತ್ತಾಳೆ. ನಾನು “ಹತ್ರ ಬಂದೈತಿ” ಎನ್ನುತ್ತೇನೆ.

ದಿನಾಂಕ 21-12-2024, ಶನಿವಾರ, ಶಾಲೆಗೆ ರಜೆ ಹಾಕಿ ಬೆಳಿಗ್ಗೆ 9.40ರ ಬಸ್ಸಿಗೆ ಸಿಂಧನೂರು ಬಿಟ್ಟು 10.25ಕ್ಕೆ ಮಸ್ಕಿಯಲ್ಲಿ ಇಳಿದೆ. ಬಸ್ ನಿಲ್ದಾಣದಿಂದ ರೇಣುಕಮ್ಮಳ ಮನೆ ಸುಮಾರು 600 ಮೀಟರ್. ಅವಳು ಬಾಗಿಲಲ್ಲೇ, “ಏನವಾ, ಇಂಗ್ಲೆಂಡಿಗೆ ಹೋಗಿ ಬಂದಾಕಿ ಖಾಲಿ ಕೈಲೆ ಬಂದೀ? ಒಂದ್ ಡಜನ್ ಬಾಳಿಹಣ್ಣರ ತರಬಾರದ?” ಎಂದು ನಕ್ಕಳು. ಒಳಗೆ ಮಣೆಯ ಮೇಲೆ ಹದಿನಾಲ್ಕು ಖಾಲಿ ಗೋಡೆಗಳು ಆಗಲೇ ಎದ್ದು ನಿಂತು ಆರುತ್ತಿದ್ದವು. ಗೋಡೆ ಎಬ್ಬಿಸುವುದನ್ನು ಅವಳು ಬೆಳಗಿನ ಐದು ಗಂಟೆಗೇ, ಹಿಟ್ಟಿಗೆ ಗಾಳಿ ತಾಕದಂತೆ ಬಾಗಿಲು ಹಾಕಿಕೊಂಡು ಮಾಡಿ ಮುಗಿಸುತ್ತಾಳೆ. ಆ ಕೆಲಸವನ್ನು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಹಿಂದಿನ ರಾತ್ರಿಯೇ ಬಾ ಎಂದು ಅವಳು ಕರೆದದ್ದುಂಟು. ಕಲಿಯಲು ಬಂದವಳಂತೆ ಕಾಣಬಾರದೆಂದು ನಾನು ಹೋಗಿರಲಿಲ್ಲ.

ಪೈ ಬೇಯಿಸುವ ಇಟ್ಟಿಗೆಯ ಒಲೆ ಹಿತ್ತಿಲಲ್ಲಿದೆ. ಅದನ್ನು ಕಟ್ಟುವ ಅಳತೆ ಹೇಳಿಕೊಟ್ಟವರು ಪಕ್ಕದ ಬೀದಿಯಲ್ಲಿ ಬೇಕರಿ ನಡೆಸುವ ಹುಸೇನ್‌ಸಾಬ್, ವಯಸ್ಸು ಸುಮಾರು 70. ಅಂದು ಒಲೆ ಕಾಯಿಸುತ್ತಿದ್ದಾಗ ಅವರು ಕಾಂಪೌಂಡ್ ಗೋಡೆಯ ಹೊರಗೇ ನಿಂತು, “ರೇಣುಕವ್ವಾ, ಕಟ್ಟಿಗಿ ಹಿಂದಕ್ಕ ಸರಸು, ಮುಂದ ಜಾಸ್ತಿ ಕೆಂಪಾಗಾಕತ್ತೈತಿ” ಎಂದು ಹೇಳಿದರು. ಒಳಗೆ ಬಂದು ನೋಡಿ ಎಂದು ನಾನು ಕರೆದದ್ದಕ್ಕೆ, “ಬೆಂಕಿ ಅಷ್ಟ ನನ್ನದು ಮೇಡಂ. ಒಳಗ ಏನ್ ಬೇಯ್ತೈತಿ ಅನ್ನೂದು ನಿಮ್ಮದು. ನಾ ಕೇಳಿಲ್ಲ, ನೀವು ಹೇಳಬ್ಯಾಡ್ರಿ” ಎಂದು ನಕ್ಕು ಹೋದರು.

11.40ಕ್ಕೆ ಗೋಪಣ್ಣ, ವಯಸ್ಸು ಸುಮಾರು 60, ಗುರುಗುಂಟಾದಿಂದ ಬೈಕಿನ ಮೇಲೆ ಮಾಂಸ ತಂದರು. ನನ್ನನ್ನು ಕಂಡು, “ಟೀಚರಮ್ಮಾರು ಬಂದಾರ, ಇವತ್ತ ಪೈಗಿ ಮಾರ್ಕ್ಸ್ ಬೀಳ್ತಾವ” ಎಂದರು. ರೇಣುಕಮ್ಮ, “ನನಗ ಯಾವಾಗಿದ್ರೂ ಜಸ್ಟ್ ಪಾಸ್ ನೋಡಣ್ಣ” ಎಂದಳು. ಇಬ್ಬರೂ ಮಾಂಸ ಕೊಚ್ಚಲು ಹಿತ್ತಿಲಿಗೆ ಹೋದರು.

12.20ಕ್ಕೆ ನಡುಮನೆಯಲ್ಲಿ ನಾನೊಬ್ಬಳೇ ಇದ್ದೆ. ಗೂಡಿನಲ್ಲಿ ಅಜ್ಜಿಯ ಫೋಟೋ, ಅದರ ಪಕ್ಕದಲ್ಲಿ ಅಚ್ಚು ಇತ್ತು. ಮಣೆಯ ಮೇಲಿನ ಹದಿನಾಲ್ಕು ಗೋಡೆಗಳನ್ನು ಇನ್ನೊಮ್ಮೆ ನೋಡಿದೆ. ಒಂದೂ ವಾಲಿರಲಿಲ್ಲ. ಆ ಇಂಗ್ಲಿಷ್ ಹಾಳೆ ಓದಲು ಬಾರದವಳಿಗೆ ಇದು ಬರುತ್ತದೆಂದರೆ ಅದು ಕೈಯಿಂದಲ್ಲ, ಈ ಕಟ್ಟಿಗೆಯಿಂದ ಎಂದು ಆ ಕ್ಷಣ ನನಗೆ ಅನ್ನಿಸಿತು. ಅನ್ನಿಸಿತು ಎನ್ನುವುದಕ್ಕಿಂತ, ಹಾಗೆ ಇರಲಿ ಎಂದು ಬಯಸಿದೆ. ಅಚ್ಚನ್ನು ಸೆರಗಿನಿಂದ ಒರೆಸಿ, ಬಟ್ಟೆಯ ಚೀಲದಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಕೆಳಗೆ ಇಟ್ಟೆ.

12.35ಕ್ಕೆ ಗೋಪಣ್ಣ ಕೈ ತೊಳೆದು ಒಳಗೆ ಬಂದು ಗೂಡಿನ ಮುಂದೆ ನಿಂತರು. ಅಜ್ಜಿಯ ಫೋಟೋಗೆ ಕೈಮುಗಿದರು. ಮಾಂಸ ತಂದ ಪ್ರತಿ ಸಲವೂ ಅವರು ಹಾಗೆ ಮಾಡುತ್ತಾರೆ. ಈ ಮನೆಗೆ ಮಾಂಸ ತಂದುಕೊಡಲು ಅವರಿಗೆ ಮೊದಲು ಹೇಳಿದವರು ಅಜ್ಜಿಯೇ. ಮೊದಲ ಹೇಳಿಕೆಯಲ್ಲಿ ‘ಅವರ ಕೈ ಗೂಡಿನ ಕಡೆಗಿತ್ತು’ ಎಂದು ಬರೆಸಿದ್ದೆ. ಎರಡೂ ಕೈ ಜೋಡಿಸಿದ್ದವು ಎಂದು ಬರೆಸಿರಲಿಲ್ಲ.

ದಿನಾಂಕ 22-12-2024, ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ ನನ್ನ ಅಡುಗೆಮನೆಯಲ್ಲಿ ಅಚ್ಚನ್ನು ಬಳಸಿ ಪೈ ಮಾಡಲು ತೊಡಗಿದೆ. ಮೊದಲ ಗೋಡೆ ಅಚ್ಚಿಗೆ ಅಂಟಿ ಹರಿಯಿತು. ಎರಡನೆಯದು ಒಲೆಯಲ್ಲಿ 4.40ಕ್ಕೆ ಕುಸಿಯಿತು. ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದಾಗ, ಬುಡದಿಂದ ಹಿಡಿಕೆಯವರೆಗೆ ಒಂದು ಸೀಳು ಕಂಡಿತು. ನನ್ನ ಹಿಟ್ಟು ಅದರಲ್ಲಿ ಸಿಕ್ಕಿಕೊಂಡಿತ್ತು. ಹಿಟ್ಟಿನ ಹಿಂದೆ ಬರೀ ಧೂಳು, ಒಂದು ಒಣಗಿದ ಜೇಡರ ಬಲೆ. ಅದನ್ನು ಎಷ್ಟೋ ವರ್ಷಗಳಿಂದ ಯಾರೂ ಬಳಸಿಲ್ಲ ಎಂದು ಆಗಲೇ ನನಗೆ ತಿಳಿಯಿತು.

ಅದೇ ಸಂಜೆ 6.10ಕ್ಕೆ ರೇಣುಕಮ್ಮಳ ಫೋನ್ ಬಂತು. “ಅಕ್ಕಾ, ಆಯಿ ಅಚ್ಚು ಕಾಣವಲ್ದು. ಮನಿಯೆಲ್ಲಾ ಜಾಲಾಡಿಸೀನಿ” ಎಂದು ಅಳುತ್ತಿದ್ದಳು. ಸರಿಯಾಗಿ ಹುಡುಕು ಎಂದು ಹೇಳಿದೆ. ಅಚ್ಚು ಆಗ ನನ್ನ ಎಡಗೈಯಿಂದ ಎರಡು ಅಡಿ ದೂರದಲ್ಲಿತ್ತು.

ದಿನಾಂಕ 24-12-2024ರಂದು ಸಂಜೆ 5 ಗಂಟೆಗೆ, ಪ್ರತಿ ವರ್ಷದಂತೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅವಳು ನನಗೊಂದು ಪೈ ಕಳಿಸಿದಳು. ಹಿಂದಿನ ದಿನ ಮಾಡಿದ ಹೊಸ ಪೈ. ಗೋಡೆ ನೆಟ್ಟಗಿತ್ತು. ಅಚ್ಚಿಲ್ಲದೆ ಹೇಗೆ ಮಾಡಿದೆ ಎಂದು ನಾನು ಫೋನಿನಲ್ಲಿ ಕೇಳಿದೆ. “ಅಚ್ಚಿನಾಗ ನಾ ಯಾವಾಗ ಮಾಡೀನಿ? ಅದು ಸೀಳಿ ಹನ್ನೆರಡು ವರ್ಷ ಆತು. ಆಯಿ ಹಿತ್ತಾಳಿ ತಂಬಿಗಿ ತಳ ಮ್ಯಾಲ ಮಾಡಿ ಡಬ್ಬ ಹಾಕಿ, ಅದರ ಮ್ಯಾಲ ಎಬ್ಬಿಸ್ತೀನಿ. ಅಚ್ಚು ಬರೇ ಆಯಿ ಇದ್ದಂಗ ಇರ್ಲಿ ಅಂತ ಇಟ್ಟಿದ್ದೆ” ಎಂದಳು.

ಮರುದಿನ, ಕ್ರಿಸ್‌ಮಸ್ ಬೆಳಿಗ್ಗೆ 6.30ಕ್ಕೆ, ಮನೆಯವರು ಏಳುವ ಮೊದಲು, ಆ ಪೈಯನ್ನು ಕೊಯ್ದೆ. ಚಾಕು ಇಳಿಯುವಾಗ ಗೋಡೆ ಕರಕರ ಎಂದಿತು. ಒಳಗೆ ಮಾಂಸಕ್ಕೂ ಗೋಡೆಗೂ ನಡುವೆ ಹೆಪ್ಪುಗಟ್ಟಿದ ಸಾರು ಗಾಜಿನಂತೆ ಹೊಳೆಯುತ್ತಿತ್ತು. ಮೊದಲು ಉಪ್ಪು, ಆಮೇಲೆ ಕೊಬ್ಬು, ಕೊನೆಗೆ ಗಂಟಲಲ್ಲಿ ಮೆಣಸು ಬಂತು. ನಿಂತಲ್ಲೇ ಅರ್ಧ ತಿಂದೆ. ಕದ್ದವಳು ತಿನ್ನಬಾರದಿತ್ತು ಎಂದು ತಿನ್ನುತ್ತಲೇ ಯೋಚಿಸಿದೆ. ಯೋಚನೆಯಿಂದ ರುಚಿ ಕಡಿಮೆಯಾಗಲಿಲ್ಲ.

26ರಂದು ರೇಣುಕಮ್ಮ ತಮ್ಮಲ್ಲಿ ದೂರು ಕೊಟ್ಟಳು. 27ರಂದು ನಾನು ಹೇಳಿಕೆ ಕೊಟ್ಟೆ. ಅದರಿಂದಾಗಿ ದಿನಾಂಕ 2-1-2025ರಂದು ಗೋಪಣ್ಣ ಅವರನ್ನು ಠಾಣೆಗೆ ಕರೆಸಲಾಯಿತು. 8-1-2025, ಬುಧವಾರ, ಮತ್ತೆ ಬರಬೇಕೆಂದು ತಿಳಿಸಲಾಗಿದೆ.

ನಿನ್ನೆ, 4-1-2025ರಂದು, ಮಧ್ಯಾಹ್ನ 3.15ಕ್ಕೆ, ಅಚ್ಚನ್ನು ಗುಟ್ಟಾಗಿ ಗೂಡಿನಲ್ಲಿಟ್ಟು ಬರುವ ಉದ್ದೇಶದಿಂದ ಮಸ್ಕಿಗೆ ಹೋದೆ. ರೇಣುಕಮ್ಮ, ಇನ್ನು ಗೋಪಣ್ಣನ ಕಡೆ ಮಾಂಸ ತರಿಸುವುದಿಲ್ಲ ಎಂದಳು. “ನೀ ಕಂಡೀನಿ ಅಂದ ಮ್ಯಾಲ ಮುಗೀತು ಅಕ್ಕಾ. ನೀ ಸುಳ್ಳು ಹೇಳಾಕಿ ಅಲ್ಲ” ಎಂದಳು. ಅಚ್ಚು ಚೀಲದಲ್ಲೇ ಉಳಿಯಿತು. ಮರಳುವಾಗ ಬೇಕರಿಯ ಮುಂದೆ ಹುಸೇನ್‌ಸಾಬ್ ತಡೆದು, “ಮೇಡಂ, ಗೋಪಣ್ಣ ಹಂದಿ ಮಾರಾವ ಅಂತ ಇಪ್ಪತ್ತು ವರ್ಷ ನಾ ಅವನ ಜೋಡಿ ಚಾ ಕುಡದಿರಲಿಲ್ಲ. ಮೊನ್ನಿ ಠಾಣಾದಿಂದ ಬರಾಕತ್ತಿದ್ದ. ಮಾರಿ ನೋಡಾಕಾಗಲಿಲ್ಲ. ಕರದು ಚಾ ಕುಡಿಸೀನಿ. ಅರ್ಧ ಕಪ್ಪು ಹಂಗ ಬಿಟ್ಟು ಎದ್ದು ಹೋದ. ನೀವು ಕಲ್ತವರು, ಸ್ವಲ್ಪ ವಿಚಾರ ಮಾಡ್ರಿ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಆದ್ದರಿಂದ ಗೋಪಣ್ಣ ಅವರನ್ನು ಬುಧವಾರ ಕರೆಸಬಾರದೆಂದು ವಿನಂತಿ. ಅಚ್ಚು ನನ್ನ ಮನೆಯ ಕಪಾಟಿನಲ್ಲಿ, ದಿಂಬಿನ ಚೀಲದಲ್ಲಿ ಸುತ್ತಿದೆ. ಕರೆದ ದಿನ, ಕರೆದ ಹೊತ್ತಿಗೆ ನಾನೇ ತಂದು ಒಪ್ಪಿಸುತ್ತೇನೆ. ಕಾನೂನಿನಂತೆ ಏನಾಗಬೇಕೋ ಅದಕ್ಕೆ ಒಪ್ಪಿದ್ದೇನೆ. ಇಷ್ಟಾದರೂ ರೇಣುಕಮ್ಮಳ ಕೈಯ ಮೇಲಿನ ನನ್ನ ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆಯಲಾರೆ. ಹಾಗೆ ಬರೆದರೆ ಇದೂ ಮೊದಲ ಹೇಳಿಕೆಯಂತಾಗುತ್ತದೆ.

ಇನ್ನೊಂದು ವಿಷಯ ತಮ್ಮ ಕಡತಕ್ಕೆ ಬೇಕಾಗಿಲ್ಲ. ಆದರೆ ಈ ಹೇಳಿಕೆಯನ್ನು ದೂರುದಾರಳಿಗೆ ತಾವು ಓದಿ ಹೇಳಬಹುದೆಂದು ಬರೆಯುತ್ತಿದ್ದೇನೆ. 2019ರಲ್ಲಿ ಇಂಗ್ಲೆಂಡಿನ ಪೈ ಬೇರೆ ಎಂದು ನಾನು ಅವಳಿಗೆ ಹೇಳಿದ್ದೆ. ಬೇರೆ ಎಂಬುದು ನಿಜ. ಅದರ ಗೋಡೆ ಮೆತ್ತಗಿತ್ತು, ಮೆಣಸು ಸಾಲದಾಗಿತ್ತು. ಅರ್ಧ ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿದೆ. ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ ನಿಂತು, ರೇಣುಕಾಳದೇ ಮೇಲು ಎಂದುಕೊಂಡೆ. ಐದು ವರ್ಷ ಆರು ತಿಂಗಳಿನಿಂದ ಅವಳು ಕೇಳುತ್ತಿದ್ದಾಳೆ. ನಾನು ಹೇಳಿಲ್ಲ.

ಮೇಲೆ ಬರೆದದ್ದನ್ನು ಮೂರು ಬಾರಿ ಓದಿ ನೋಡಿದ್ದೇನೆ. ನನಗೆ ತಿಳಿದ ಮಟ್ಟಿಗೆ ಎಲ್ಲವೂ ನಿಜ, ಮತ್ತು ಈ ಸಲ ಏನನ್ನೂ ಬಿಟ್ಟಿಲ್ಲ.

ಸ್ಥಳ: ಸಿಂಧನೂರು
ಬರೆದ ದಿನಾಂಕ: 5-1-2025, ಭಾನುವಾರ
ಸಹಿ: ಸ್ವರ್ಣಲೀಲಾ

ಇಂದು ಅಂಚೆ ಕಚೇರಿ ಇಲ್ಲ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಸ್ಪೀಡ್ ಪೋಸ್ಟ್ ಮಾಡಿದರೆ ಬುಧವಾರಕ್ಕೆ ಮೊದಲು ತಮ್ಮ ಕೈ ಸೇರುತ್ತದೆ ಎಂದು ವಿಚಾರಿಸಿದ್ದೇನೆ.

ಅಂಚೆಗೆ ಹಾಕುವ ದಿನಾಂಕ: 6-1-2025, ಸೋಮವಾರ.