ಬೆನ್ನಿನೊಳಗಿನ ಗುಂಡು

...ಎಂತ ಭಾವ, ನಗುವುದು? ಆಸ್ಪತ್ರೆಯ ಫಾರ್ಮು ಮಲಯಾಳದಲ್ಲಿ ಉಂಟು, ನಿನಗೆ ಓದ್ಲಿಕ್ಕೆ ಬರುದಿಲ್ಲ. ಪೆರ್ಲದ ಕನ್ನಡ ಶಾಲೆಯ ವಿಜ್ಞಾನದ ಮಾಷ್ಟ್ರು! ಐವತ್ತು ವರ್ಷ ಕೇರಳದಲ್ಲಿದ್ದು ಎಂತ ಕಲಿತದ್ದು? ನಾನು ಓದಿ ತುಂಬಿಸ್ತೇನೆ, ನೀನು ಅಡಿಯಲ್ಲಿ ಸಹಿ ಹಾಕು.

ಹೆದರಬೇಡ ಮಾರಾಯ. ಅಕ್ಕಿ ಕಾಳಿನಷ್ಟು ಕತ್ತರಿ, ಅಷ್ಟೆ. ಸಣ್ಣ ತೂತು ಮಾಡಿ ಹೊಟ್ಟೆಯೊಳಗೆ ಬಿಡುವುದು, ಡಾಕ್ಟ್ರು ಹೊರಗಿನಿಂದ ಅಯಸ್ಕಾಂತದಲ್ಲಿ ಆಡಿಸುವುದು. ಗಡ್ಡೆ ತುಂಡು ಮಾಡಿ ವಾಪಸ್ ಬರ್ತದೆ. ಇನ್ನೂ ಪ್ರಯೋಗದಲ್ಲಿ ಉಂಟಂತೆ... ಆಗ್ಲಿ, ಮಕ್ಕಳ ಮುಂದೆ ನೀನು ಕಪ್ಪೆ ಕೊಯ್ದಿದ್ದಿ, ಈಗ ನಿನ್ನ ಸರದಿ. ಹ್ಹ!

ಏಳನೇ ಪ್ರಶ್ನೆ. ಮೈಯೊಳಗೆ ಕಬ್ಬಿಣ ಉಂಟಾ? ಇದ್ರೆ ಅಯಸ್ಕಾಂತ ಹಿಡಿದು ಎಳೀತದಂತೆ, ಒಳಗೆಲ್ಲ ಹರೀತದಂತೆ. ನಿನಗೆಂತ ಉಂಟು? 'ಇಲ್ಲ' ಅಂತ ಬರೆದೆ.

ಬೆನ್ನು ಯಾಕೆ ತೋರಿಸುವುದು? ಓ... ಆ ಗುಂಡಾ! ನಮ್ಮ ಕೆಲಸದ ಲೋಕಯ್ಯ ಹಂದಿ ಅಂತ ನಿನಗೆ ಹೊಡೆದದ್ದು. ಹನ್ನೆರಡು ವರ್ಷ ಆಯ್ತು. ಅವ ಜೈಲಿಗೆ ಹೋಗಿ, ಬಂದು, ಸತ್ತೂ ಆಯ್ತು. ಅದು ಸೀಸ ಭಾವ. ಸೀಸವನ್ನು ಅಯಸ್ಕಾಂತ ಎಳೀತದಾ? ಮಾಷ್ಟ್ರಿಗೆ ನಾನು ಪಾಠ ಹೇಳ್ಬೇಕಾ?

ಇಲ್ಲ ಇಲ್ಲ, ಸಿಸ್ಟರನ್ನು ಕರೀಬೇಡ! ಹೇಳಿದ್ರೆ ಮೊದಲು ಅದನ್ನು ತೆಗೀತಾರೆ, ತಟ್ಟೆಯಲ್ಲಿಟ್ಟು ಎಲ್ಲರಿಗೂ ತೋರಿಸ್ತಾರೆ. ಎಂತಕ್ಕೆ? ಲೋಕಯ್ಯನ ಕೋವಿಯಲ್ಲಿ ಸೀಸವೇ. ಅವ ಸೈಕಲ್ ಬೇರಿಂಗಿನ ಉಕ್ಕಿನ ಗುಂಡು ಮುಟ್ಟಿದವನಲ್ಲ. ಅದನ್ನು ತುಂಬುವವ ಊರಲ್ಲೇ ನಾನೊಬ್ಬ...

ಎಂತ ಹಾಗೆ ನೋಡುವುದು? ಪೆನ್ನು ಯಾಕೆ ಕೆಳಗಿಟ್ಟೆ?

ಭಾವ... ಭಾವ, ಕೇಳು. ಪೊದೆ ಅಲ್ಲಾಡಿತು. ಹಂದಿ ಅಂತ ಎಣಿಸಿದೆ. ದೇವರಾಣೆ, ಹಂದಿ ಅಂತಲೇ! ಯಾರಿಗಾದ್ರೂ ಆಗ್ತದೆ. ಲೋಕಯ್ಯ ತಾನಾಗಿ ಒಪ್ಪಿಕೊಂಡ, ನಾನೆಂತ ಮಾಡ್ಲಿ?

ಬಯ್ಯುದಾದ್ರೆ ಬಯ್ಯಿ. ಹಂದಿ ಬಿಳಿ ಅಂಗಿ ಹಾಕ್ತದಾ ಅಂತ ಬಾಯಿ ಬಿಟ್ಟು ಕೇಳು!

...ಹೌದು. ಕಂಡಿತ್ತು. ಅಂಗಿಯೂ ಕಂಡಿತ್ತು, ಮುಖವೂ ಕಂಡಿತ್ತು. ನಾನು ದಿನಾ ಬಡೀತೇನೆ ಅಂತ ನಿನ್ನ ಅಕ್ಕನನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಲ್ವಾ ನೀನು? ನನ್ನ ಹೆಂಡತಿಯನ್ನು, ನನ್ನ ಅಂಗಳದಿಂದ!

ಸಹಿ ಹಾಕು ಭಾವ. ಬಾಗಿಲಿನ ಕಡೆ ನೋಡಬೇಡ. ನಿನ್ನ ಅಕ್ಕ ದೇವಕಿ ಹೊರಗೆ ಬೆಂಚಿನಲ್ಲಿ ಕೂತಿದ್ದಾಳೆ. ಸಂಜೆ ಅವಳು ನನ್ನ ಜೊತೆಯೇ ಮನೆಗೆ ಬರುವುದು.