ಧಾರವಾಡಕ್ಕೆ ಹೋಗದ ಹುಡುಗ

ಗಂಡ ತೀರಿಕೊಂಡ ವರ್ಷ ನೀಲವ್ವನಿಗೆ ಅವಳ ತಮ್ಮ ಚನ್ನಬಸಪ್ಪ ಮಾತು ಕೊಟ್ಟಿದ್ದ: ಮಗ ಮಾಂತೇಶ ದೊಡ್ಡವನಾದ ಮೇಲೆ ತನ್ನ ಕಿರಾಣಿ ಅಂಗಡಿಯಲ್ಲಿ ಅವನಿಗೊಂದು ಕೆಲಸ ಇದ್ದೇ ಇರುತ್ತದೆ ಅಂತ. ಈಗ ಅವರು ನೆಲೆಸಿದ್ದ ಪರದೇಶದ ಊರಿನ ಜೆರಾರ್ಡ್ ಬೀದಿಯಲ್ಲಿ, ಟ್ರಾಮಿನಂಥ ಸ್ಟ್ರೀಟ್‌ಕಾರ್ ನಿಲ್ಲುವ ಸ್ಟಾಪಿನಲ್ಲಿ ಅದೇ ಮಾತು ಎದ್ದಿತ್ತು, ಹಿಂದೆ ನಿಂತವರಿಗೂ ಕೇಳುವಷ್ಟು ಜೋರಾಗಿ.

"ಎರಡು ವರ್ಷ ಮಾಂತೇಶ ಧಾರವಾಡದಾಗ ಓದ್ಲಿಕ್ಕತ್ತಾನ ಅಂತ ಇಲ್ಲಿ ಕನ್ನಡ ಸಂಘದಾಗ ಎಲ್ಲಾರಿಗೂ ಹೇಳಿದಾಕಿ ನೀನ, ಅಕ್ಕಾ."

"ಹೇಳೀನಪಾ. ಜೈಲಿನಾಗ ಅದಾನ ಅಂತ ಹೆಂಗ ಹೇಳ್ಲಿ?"

"ಹಂಗಾದ್ರ ಅವನೂ ಧಾರವಾಡಾನ ಅನ್ಲಿ!"

"ಯುಗಾದಿ ಊಟದಾಗ ಯಾರೋ ಯಾವ ಕಾಲೇಜು ಅಂತ ಕೇಳಿದ್ರು. 'ಐ ವಾಸ್ ಇನ್ ಜೈಲ್, ಅಂಕಲ್' ಅಂದಬಿಟ್ಟ."

"ಹೋಳಿಗಿ ನೀಡೂ ಮುಂದ?"

"ಹೋಳಿಗಿ ಎಲಿಮ್ಯಾಲಿತ್ತು."

"ನಾಳೆ ನನ್ನ ಗಿರಾಕಿಗೂ ಹಂಗ ಅಂದ್ರ?"

"ಅಂತಾನ. ಸುಳ್ಳು ಹೇಳಂಗಿಲ್ಲ ಅಂತ ಹಟಾ ಹಿಡದಾನ."

"ಇದನ್ನ ಮೊದಲ ಕಲ್ತಿದ್ರ ಜೈಲಿಗೆ ಯಾಕ ಹೋಗ್ತಿದ್ದ?"

"ಈಗರ ಕಲ್ತಾನಲ್ಲೋ! ಇವತ್ತು ಜೈಲಿಂದ ಬಿಟ್ಟವ್ರನ್ನ ನೋಡ್ಕೊಳ್ಳೋ ಪೆರೋಲ್ ಮೇಡಂ ನಿನಗ ಫೋನ್ ಮಾಡ್ತಾಳ. ನೀನ ಕೆಲಸ ಇಲ್ಲಂದ್ರ ಅವಂಗ ಮತ್ತ ಯಾರೂ ಕೊಡಂಗಿಲ್ಲ."

ಚನ್ನಬಸಪ್ಪನ ಜೇಬಿನಲ್ಲಿ ಫೋನು ರಿಂಗಾಯಿತು. ಅವನು ಅಕ್ಕನತ್ತ ಬೆನ್ನು ತಿರುಗಿಸಿ ಇಂಗ್ಲಿಷಿನಲ್ಲಿ ಮಾತಾಡಿದ. ನೀಲವ್ವ ಸೆರಗಿನ ತುದಿ ಹಿಡಿದು ನಿಂತಳು.

"ಯೆಸ್ ಮೇಡಂ. ಮೈ ಸಿಸ್ಟರ್ಸ್ ಸನ್. ಮಂಡೇ ಸ್ಟಾರ್ಟ್."

ಸ್ಟ್ರೀಟ್‌ಕಾರ್ ಬಂತು.

"ಕೇಳಿದವ್ರಿಗಷ್ಟ ಹೇಳು ಅನ್ನು ಅವಂಗ," ಎಂದು ಗೊಣಗುತ್ತ ಹತ್ತಿದ. "ಕೇಳಲಾರದವ್ರಿಗೆ ಅಕ್ಕಿ ತೂಗಿದ್ರ ಸಾಕು."

ನೀಲವ್ವನೂ ಹತ್ತಿದಳು. ಚನ್ನಬಸಪ್ಪ ಕೊಟ್ಟ ಮಾತು ಉಳಿಸಿಕೊಂಡ.